ಕನ್ನಡನಾಡಿಗೆ ಬ್ಯಾಪ್ಟಿಸ್ಟರು ತಡವಾಗಿ ಬಂದ ಬಗೆ

ಶ್ರೀರಂಗಪಟ್ಟಣದಿಂದ ಮಂಡ್ಯ, ಮದ್ದೂರುಗಳನ್ನು ಹಾದು ಬೆಂಗಳೂರಿನತ್ತ ಸಾಗುವ ದಾರಿಯಲ್ಲಿ ಕ್ರೈಸ್ತ ಧರ್ಮೋಪದೇಶಕರ ಸಂಚಾರವು ಬಹು ಪ್ರಾಚೀನವಾದದ್ದು. ಇಟಲಿಯ ಜೆಸ್ವಿತ ಪಾದ್ರಿ ಚಿನ್ನಾಮಿ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿಯೇ ಒಡೆಯರ ರಾಜಧಾನಿಗೆ ಬಂದು, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮಬೋಧೆಯ ಗ್ರಂಥಗಳನ್ನು ರಚಿಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ತರುವಾಯ, ಚದುರಿಹೋಗಿದ್ದ ಕ್ಯಾಥೊಲಿಕ್ ಕುಟುಂಬಗಳನ್ನು ಒಟ್ಟುಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಈ ಸೀಮೆಯಲ್ಲೆಲ್ಲ ಅಲೆದನು. ಅನಂತರ ವೆಸ್ಲಿಯನ್ ಮಿಷನ್ನಿನವರು ಬೆಂಗಳೂರು ಮೈಸೂರುಗಳೆರಡರಲ್ಲಿಯೂ ನೆಲೆಯೂರಿ, ನಡುವಣ ಊರುಗಳ ಸಂತೆಗಳಲ್ಲಿಯೂ ಜಾತ್ರೆಗಳಲ್ಲಿಯೂ ನಿಂತು ಬೋಧಿಸಿದರು. ಇಷ್ಟು ಜನ ಹಾದುಹೋದ ದಾರಿಯ ಮಗ್ಗುಲಲ್ಲಿರುವ ಕೊತ್ತತ್ತಿ ಎಂಬ ಹಳ್ಳಿಯ ಬಯಲಿನಲ್ಲಿ ನಿಂತು ಈ ಚರಿತ್ರೆಯನ್ನು ಕುರಿತು ಆಲೋಚಿಸುವವನಿಗೆ ಒಂದು ಪ್ರಶ್ನೆ ಏಳದೆ ಇರದು. ಭಾರತದಲ್ಲಿ ಆಂಗ್ಲ ಪ್ರಾಟೆಸ್ಟಂಟ್ ಮಿಷನ್ನುಗಳಿಗೆಲ್ಲ ಹಾದಿಯನ್ನು ತೋರಿದವರು ಬ್ಯಾಪ್ಟಿಸ್ಟರು. ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿ, ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತರಲು ಮೊದಲಿಗೆ ಉದ್ಯುಕ್ತರಾದವರಲ್ಲಿಯೂ ಅವರೇ ಮುಖ್ಯರು. ಹೀಗಿರಲು ಅವರ ಸಭೆಗಳು ಮಾತ್ರ ಕನ್ನಡದ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಣಿಸಿಕೊಳ್ಳದೆ ಹೋದುದು ಏತಕ್ಕೆ?

ಉತ್ತರವನ್ನು ಹುಡುಕುವುದಕ್ಕೆ ಮುನ್ನ ಈ ಪಂಥದ ಮೂಲತತ್ತ್ವವನ್ನು ಅರಿತುಕೊಳ್ಳುವುದು ಯುಕ್ತ. 1609ರಲ್ಲಿ, ಇಂಗ್ಲೆಂಡಿನ ರಾಜಧರ್ಮದ ಕಾಟವನ್ನು ತಾಳಲಾರದೆ ಆಮ್‌ಸ್ಟರ್‌ಡ್ಯಾಮಿಗೆ ವಲಸೆಹೋಗಿದ್ದ ಜಾನ್ ಸ್ಮಿತ್ ಎಂಬ ಬೋಧಕನೂ ಅವನ ಸಂಗಡಿಗರೂ ಒಂದು ನಿಶ್ಚಯಕ್ಕೆ ಬಂದರು: ತೊಟ್ಟಿಲ ಶಿಶುವಿಗೆ ಮಾಡಿಸಿದ ದೀಕ್ಷಾಸ್ನಾನವು ಸ್ನಾನವೇ ಅಲ್ಲ, ತಿಳಿವಳಿಕೆ ಬಂದ ಮನುಷ್ಯನು ತನ್ನ ಬಾಯಿಂದ ತಾನೇ ನಂಬಿಕೆಯನ್ನು ಅರಿಕೆಮಾಡಿ ಅದನ್ನು ಪಡೆದಾಗ ಮಾತ್ರ ಅದು ಸಲ್ಲುತ್ತದೆ. ಅಂದರೆ ಹುಟ್ಟಿನಿಂದ ಯಾರೂ ಕ್ರೈಸ್ತರಲ್ಲ. ತಂದೆಯಿಂದಾಗಲಿ ರಾಜನಿಂದಾಗಲಿ ದೇಶದಿಂದಾಗಲಿ ಮತವು ಪ್ರಾಪ್ತವಾಗತಕ್ಕ ವಸ್ತುವಲ್ಲ. ಸ್ಮಿತ್ತನ ಜೊತೆಗಾರನಾದ ಥಾಮಸ್ ಹೆಲ್ವಿಸ್ ಲಂಡನ್ನಿಗೆ ಹಿಂದಿರುಗಿ, ಪ್ರಜೆಯ ಆತ್ಮದ ಮೇಲೆ ಅರಸನಿಗೆ ಅಧಿಕಾರವಿಲ್ಲವೆಂದು ಪುಸ್ತಕ ಬರೆದು, ಅದೇ ಅಪರಾಧಕ್ಕಾಗಿ ಸೆರೆಮನೆಯನ್ನು ಸೇರಿದನು. ಈ ತತ್ತ್ವದ ಬೆನ್ನಿಗೇ ಇನ್ನೊಂದು ಹೊರಟಿತು: ಪ್ರತಿಯೊಂದು ಊರಿನ ಸಭೆಯೂ ಸ್ವತಂತ್ರ, ಅದರ ಮೇಲೆ ಬಿಷಪ್ಪನಿಲ್ಲ, ಅದರ ಲೆಕ್ಕವನ್ನು ಕೇಳುವ ಮೇಲಧಿಕಾರಿಯೂ ಇಲ್ಲ, ಸಭಾಪಾಲಕನನ್ನು ಆರಿಸುವವರೂ ಬೇಡವಾದಾಗ ಕಳುಹಿಸಿಕೊಡುವವರೂ ಆ ಸಭೆಯ ಜನರೇ. ಮಂಟೇಸ್ವಾಮಿಯ ಗದ್ದುಗೆಯಿರುವ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಸುತ್ತಿನವರಿಗೆ ದೀಕ್ಷೆ ಹೊಂದಿ ಪರಂಪರೆಗೆ ಸೇರುವುದು ಹೊಸ ಸಂಗತಿಯಲ್ಲ. ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರು ದೀಕ್ಷೆಯಿಂದಲೇ ನೀಲಗಾರರು. ಆದರೆ ಅಲ್ಲಿ ದೀಕ್ಷೆಯು ಹರಕೆಯ ಮೂಲಕ ಮಗನಿಗೆ ಬರುವುದುಂಟು. ಬ್ಯಾಪ್ಟಿಸ್ಟರಲ್ಲಿ ಹಾಗೆ ಬರುವ ಅವಕಾಶವೇ ಇಲ್ಲ.

ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನಲ್ಲಿ 1792ರ ಅಕ್ಟೋಬರ್ 2ರಂದು ಕೆಲವು ಮಂದಿ ಬಡ ಬೋಧಕರು ಒಬ್ಬ ವಿಧವೆಯ ಮನೆಯಲ್ಲಿ ಕುಳಿತು, ನಶ್ಯದ ಡಬ್ಬಿಯೊಂದರಲ್ಲಿ ಹದಿಮೂರು ಪೌಂಡು ಎರಡು ಷಿಲಿಂಗು ಆರು ಪೆನ್ಸುಗಳ ವಾಗ್ದಾನ ಚೀಟಿಗಳನ್ನು ಕೂಡಿಸಿ, ಹೊರದೇಶಗಳಿಗೆ ಸುವಾರ್ತೆಯನ್ನು ಸಾರುವ ಸಂಘವೊಂದನ್ನು ಸ್ಥಾಪಿಸಿದರು. ಅವರಲ್ಲೊಬ್ಬನಾದ ವಿಲಿಯಂ ಕೇರಿ ಮೊದಲು ಜೋಡು ಹೊಲಿಯುವ ಕಸುಬಿನವನು. 1793ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದಿಳಿದ ಆತನನ್ನು ಕಂಪೆನಿಯ ಸರ್ಕಾರವು ತನ್ನ ಸೀಮೆಯಲ್ಲಿ ಮಿಷನರಿಯಾಗಿ ನೆಲೆಸಗೊಡಲಿಲ್ಲ; ಆದುದರಿಂದ ಡೇನರ ವಶದಲ್ಲಿದ್ದ ಸೆರಾಂಪುರವನ್ನು 1800ರಲ್ಲಿ ಆಶ್ರಯಿಸಿ, ಮಾರ್ಷ್‌ಮನ್ ಮತ್ತು ವಾರ್ಡ್ ಎಂಬಿಬ್ಬರೊಡನೆ ಅಚ್ಚುಕೂಟವನ್ನು ಹೂಡಿದನು. ವಾರ್ಡನು ಮುದ್ರಣದ ಕಲೆಯಲ್ಲಿ ನುರಿತವನು. ಮಾರ್ಷ್‌ಮನ್ನನು ಶಾಲಾ ಉಪಾಧ್ಯಾಯ. ಮೂವರೂ ತಮ್ಮ ಗಳಿಕೆಯನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿಗಳ ಅಧ್ಯಾಪಕನಾಗಿ ಕೇರಿ ಪಡೆಯುತ್ತಿದ್ದ ಸಂಬಳವೂ ಅಲ್ಲಿಗೇ ಸೇರುತ್ತಿತ್ತು. ದೇಶದ ನಾನಾ ಮೂಲೆಗಳಿಂದ ಬಂದ ಪಂಡಿತರು ಅವನ ಕೋಣೆಯಲ್ಲಿ ಸುತ್ತ ಕುಳಿತು ಒಂದೊಂದು ಭಾಷೆಯ ಅನುವಾದವನ್ನು ತಿದ್ದುತ್ತಿದ್ದರು. ಆ ಭಾಷೆಗಳ ನಡುವೆ ಕನ್ನಡವೂ ಒಂದಾಗಿತ್ತು.

1812ರ ಮಾರ್ಚ್ 11ರ ಸಾಯಂಕಾಲ, ಕೇರಿ ಕಲ್ಕತ್ತೆಯಲ್ಲಿದ್ದಾಗ, ಸೆರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಇನ್ನೂರು ಅಡಿ ಉದ್ದದ ಆ ಕಟ್ಟಡದ ತುಂಬ ಕಾಗದದ ಹೊರೆಗಳು, ಅಚ್ಚಿನ ಮೊಳೆಗಳು, ಹಸ್ತಪ್ರತಿಗಳು. ವಾರ್ಡನು ಕಿಟಕಿ ಬಾಗಿಲುಗಳನ್ನೆಲ್ಲ ಬಿಗಿಯಾಗಿ ಮುಚ್ಚಿಸಿ, ಮಾಡಿನ ಮೇಲಿನಿಂದ ನೀರು ಸುರಿಸಿ ಬಹಳ ಹೊತ್ತು ಬೆಂಕಿಯನ್ನು ತಡೆದು ನಿಲ್ಲಿಸಿದ್ದನು. ಯಾರೋ ಸಹಾಯಮಾಡುವ ಆತುರದಲ್ಲಿ ಕಿಟಕಿಯೊಂದನ್ನು ತೆರೆದುದರಿಂದ ಗಾಳಿ ನುಗ್ಗಿ ಎಲ್ಲವೂ ಹೊತ್ತಿ ಉರಿದುಹೋಯಿತು. ನಷ್ಟದ ಪಟ್ಟಿಯನ್ನು ಮಾಡುವಾಗ ಕೇರಿ ಬಂಗಾಳಿ ನಿಘಂಟಿನ ಹಾಳೆಗಳನ್ನೂ, ತೆಲುಗು ವ್ಯಾಕರಣವನ್ನೂ, ತಾನೂ ಮಾರ್ಷ್‌ಮನ್ನನೂ ರಾಮಾಯಣದ ಮೇಲೆ ಮಾಡಿದ್ದ ವರ್ಷದ ಕೆಲಸವನ್ನೂ ಹೇಳುತ್ತಾನೆ. ಅದೇ ಪಟ್ಟಿಯಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಸಮಗ್ರವಾಗಿ ಸೇರಿತ್ತು. ಮೈಸೂರು ಸೀಮೆಯ ಯಾವ ಹಳ್ಳಿಯವನೂ ಒಂದು ಸಾಲನ್ನೂ ಕಾಣುವುದಕ್ಕೆ ಮುಂಚೆಯೇ ಆ ಕನ್ನಡ ಗ್ರಂಥವು ಹೂಗ್ಲಿ ನದಿಯ ದಂಡೆಯಲ್ಲಿ ಬೂದಿಯಾಯಿತೆಂಬುದನ್ನು ನಮ್ಮ ಮುದ್ರಣ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಅಷ್ಟು ಅಲ್ಪವಾದ ಸಂಗತಿ ಅದಲ್ಲವೆಂದು ನನ್ನ ಎಣಿಕೆ. ಸುದೈವದಿಂದ ಅಕ್ಷರಗಳನ್ನು ಎರಕಹೊಯ್ಯುವ ಉಕ್ಕಿನ ಪಡಿಯಚ್ಚುಗಳು ಬೂದಿಯೊಳಗೆ ಕೆಡದೆ ಉಳಿದಿದ್ದವು. ಕರಗಿ ಗಟ್ಟಿಯಾಗಿದ್ದ ಸೀಸವನ್ನು ಕೆದಕಿ ತೆಗೆದು ಮತ್ತೆ ಮೊಳೆಗಳನ್ನು ಎರಕಹೊಯ್ದರು. ಬ್ರಿಟನ್ನಿನಲ್ಲಿ ಎರಡು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ನಷ್ಟವನ್ನು ತುಂಬುವಷ್ಟು ಹಣ ಕೂಡಿತು. ಕೇರಿ ಮತ್ತೆ ಮೊದಲಿನಿಂದ ಹಿಡಿದನು. 1817ರಲ್ಲಿ ಅವನ ಕನ್ನಡ ವ್ಯಾಕರಣವು ಸೆರಾಂಪುರದಲ್ಲಿ ಪ್ರಕಟವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಹೊಸ ಒಡಂಬಡಿಕೆಯೂ ಕನ್ನಡದ ಅಚ್ಚಿನಲ್ಲಿ ಹೊರಬಂದಿತು. ಇವೆರಡನ್ನೂ ಸಿದ್ಧಪಡಿಸಿದಾತನು ಕನ್ನಡನಾಡಿನ ನೆಲವನ್ನು ಎಂದೂ ಮೆಟ್ಟಿದವನಲ್ಲ.

ಆ ದೂರವೇ ಗ್ರಂಥಕ್ಕೆ ಮುಳುವಾಯಿತು. ಇತ್ತ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಿಂದಲೂ ಕನ್ನಡದವರ ನಡುವೆಯೇ ಬಾಳಿ, ಬೀದಿಯಲ್ಲಿ ಕಿವಿಗೆ ಬಿದ್ದ ಮಾತನ್ನು ಪಂಡಿತರ ಮಾತಿಗೆ ಒರೆಹಚ್ಚಿ ಅನುವಾದಿಸುತ್ತಿದ್ದನು. ಅವನೂ ಅವನ ಜೊತೆಯವರೂ ಕೂಡಿ 1831ರ ಹೊತ್ತಿಗೆ ಸತ್ಯವೇದವನ್ನು ಸಂಪೂರ್ಣವಾಗಿ ಕನ್ನಡಕ್ಕೆ ತಂದರು. ಮುಂದೆ ತಿದ್ದುಪಡಿಗಳಾಗುತ್ತ ಬಂದುದು ಬಳ್ಳಾರಿಯ ಈ ಪರಂಪರೆಯೇ ಹೊರತು ಸೆರಾಂಪುರದ್ದಲ್ಲ. ಇಂದು ಕನ್ನಡದ ಬ್ಯಾಪ್ಟಿಸ್ಟನು ಭಾನುವಾರ ಕಂಕುಳಲ್ಲಿ ಇರಿಸಿಕೊಂಡು ಹೋಗುವ ಸತ್ಯವೇದವೂ ಹೀಗೆ ಲಂಡನ್ ಮಿಷನ್ನಿನ ಮನೆತನದ್ದೇ.

ಪುಸ್ತಕವನ್ನು ಹಿಂಬಾಲಿಸಿ ಬೋಧಕರೂ ಬರಬಹುದಾಗಿತ್ತು. ಬಾರದೆ ಹೋದುದಕ್ಕೆ ಕಾರಣವನ್ನು ದೇವತಾಶಾಸ್ತ್ರದಲ್ಲಿ ಅರಸಬೇಕಾದುದಿಲ್ಲ, ಅದು ನಕ್ಷೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನ್ ಸಂಘಗಳು ಒಂದರ ಸೀಮೆಯಲ್ಲಿ ಮತ್ತೊಂದು ಕಾಲಿಡಬಾರದೆಂದು ಪರಸ್ಪರ ಒಡಂಬಡಿಕೆಯನ್ನು ಮಾಡಿಕೊಂಡುವು. ಒಂದೇ ಸಂತೆಯಲ್ಲಿ ಎರಡು ಬಗೆಯ ಪಾದ್ರಿಗಳು ನಿಂತು ಪರಸ್ಪರ ಖಂಡಿಸುವ ಹಾಸ್ಯಾಸ್ಪದ ಸ್ಥಿತಿಯನ್ನು ತಪ್ಪಿಸುವುದೂ, ಹಣವನ್ನು ಉಳಿಸುವುದೂ ಅದರ ಉದ್ದೇಶ. ಕರಾವಳಿಯೂ ಧಾರವಾಡದ ಕಡೆಯೂ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಪಾಲು. ಬಳ್ಳಾರಿಯೂ ಬೆಂಗಳೂರಿನ ಒಂದು ಭಾಗವೂ ಲಂಡನ್ ಮಿಷನ್ನಿನ ಪಾಲು. ಗುಬ್ಬಿ, ತುಮಕೂರು, ಹಾಸನ, ಮೈಸೂರು ಮೊದಲಾದ ಸೀಮೆಗಳು ವೆಸ್ಲಿಯನ್ನರ ಪಾಲು. ಮಂಡ್ಯ, ಮದ್ದೂರು, ಮಳವಳ್ಳಿಗಳು ಆಗ ಮೈಸೂರು ಜಿಲ್ಲೆಯೊಳಗೇ ಇದ್ದುವು. ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಹೀಗೆ ಕೊತ್ತತ್ತಿಯಲ್ಲಿ ಹುಟ್ಟಿದವನು ಪ್ರಾಟೆಸ್ಟಂಟನಾಗಬೇಕೆಂದು ಬಯಸಿದ್ದರೆ ವೆಸ್ಲಿಯನ್ನನಾಗಬೇಕಿತ್ತು. ಅವನು ಓಂಗೋಲಿನಲ್ಲಿ ಹುಟ್ಟಿದ್ದರೆ ಬ್ಯಾಪ್ಟಿಸ್ಟನಾಗುತ್ತಿದ್ದನು. ಯಾವ ಪಂಥವು ಹುಟ್ಟಿದ ಊರಿಗೂ ಮತಕ್ಕೂ ಸಂಬಂಧವೇ ಇಲ್ಲವೆಂದು ಸಾರಲು ಎದ್ದಿತೋ, ಅದರ ಬೆಳವಣಿಗೆಯನ್ನೂ ಕ್ಷಯವನ್ನೂ ಭಾರತದಲ್ಲಿ ನಿರ್ಧರಿಸಿದುದು ಹುಟ್ಟಿದ ಊರೇ. ಆ ಕಾಲದ ಮಿಷನರಿಗಳು ಇದನ್ನು ಸೌಜನ್ಯವೆಂದು ಭಾವಿಸಿದರು. ಸೌಜನ್ಯವೇನೋ ನಿಜ, ಆದರೆ ಯಾರ ಹೆಸರಿನಲ್ಲಿ ಸೀಮೆಯನ್ನು ಹಂಚಿಕೊಂಡರೋ ಆ ಹಳ್ಳಿಗರನ್ನು ಯಾರೂ ಕೇಳಲಿಲ್ಲ.

ಓಂಗೋಲಿನ ಮಾತು ಬಂದುದರಿಂದ ಅದನ್ನು ಸ್ವಲ್ಪ ಹೇಳಬೇಕು. 1876ರಿಂದ 1878ರವರೆಗಿನ ಭೀಕರ ಕ್ಷಾಮವು ಮೈಸೂರು ಸಂಸ್ಥಾನವನ್ನೂ ತೆಲುಗು ಜಿಲ್ಲೆಗಳನ್ನೂ ಒಂದೇ ಸಮನಾಗಿ ಬಡಿಯಿತು. ನಮ್ಮಲ್ಲಿ ವೆಸ್ಲಿಯನ್ನರು ತಬ್ಬಲಿ ಮಕ್ಕಳಿಗಾಗಿ ತುಮಕೂರು ಹಾಸನಗಳಲ್ಲಿ ಅನಾಥಾಲಯಗಳನ್ನು ನಡೆಸಿದರು. ಓಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಜಾನ್ ಕ್ಲೌ ಎಂಬಾತನು ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಗುತ್ತಿಗೆಗೆ ಹಿಡಿದು ಹಸಿದವರಿಗೆ ಮಣ್ಣು ಹೊರುವ ಕೆಲಸವನ್ನು ಕೊಟ್ಟನು. ಕೂಲಿಗಾಗಿ ಮತಕ್ಕೆ ಸೇರಿದರೆಂಬ ಅಪವಾದ ಬಾರದಿರಲೆಂದು ಕ್ಷಾಮದ ಕೆಲಸ ನಡೆಯುವವರೆಗೆ ಯಾರಿಗೂ ದೀಕ್ಷಾಸ್ನಾನವನ್ನು ಕೊಡಲಿಲ್ಲ; ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಮಂದಿ ಗುಂಡ್ಲಕಮ್ಮ ನದಿಯಲ್ಲಿ ಮುಳುಗಿ ಎದ್ದರು. ಒಬ್ಬೊಬ್ಬನ ಬಾಯಿಂದ ಪ್ರತ್ಯೇಕವಾಗಿ ಅರಿಕೆಯನ್ನು ಕೇಳಬೇಕೆನ್ನುವ ಪಂಥಕ್ಕೆ ಈ ಸಂಖ್ಯೆಯು ಹೆಮ್ಮೆಯೂ ಹೌದು, ಮುಜುಗರವೂ ಹೌದು; ಹೊರಗಿನವರಿಗಿಂತ ಮೊದಲು ಬ್ಯಾಪ್ಟಿಸ್ಟರಲ್ಲಿಯೇ ಕೆಲವರು ಅದನ್ನು ಸಂದೇಹದಿಂದ ಕಂಡರು.

ಕೋಲಾರದಲ್ಲಿ 1880ರಿಂದ ಚಿನ್ನದ ಗಣಿಗಳ ಕೆಲಸವು ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಭರದಿಂದ ಸಾಗತೊಡಗಲು, ತಮಿಳು ತೆಲುಗು ಜಿಲ್ಲೆಗಳಿಂದ ಕೂಲಿಕಾರರು ಸಂಸಾರಸಮೇತರಾಗಿ ಬಂದು ಅಲ್ಲಿ ಸಾಲುಮನೆಗಳನ್ನು ತುಂಬಿದರು. ಬಂದವರ ಜೊತೆಗೆ ಅವರವರ ಪಂಥಗಳೂ ಬಂದುವು. ಮೈಸೂರು ಸಂಸ್ಥಾನದೊಳಗೆ ಬ್ಯಾಪ್ಟಿಸ್ಟ್ ಸಭೆಗಳು ಬೇರೂರಿದುದು ಹೀಗೆ. ಆದರೆ ಅವು ಹಾಡಿದುದು ತಮಿಳಿನಲ್ಲಿ, ಪ್ರಾರ್ಥಿಸಿದುದು ತೆಲುಗಿನಲ್ಲಿ. ಈ ಗಣಿಗಳಿಗೆ 1902ರಲ್ಲಿ ವಿದ್ಯುಚ್ಛಕ್ತಿಯನ್ನು ಒದಗಿಸಿದುದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ತೊಂಬತ್ತೆರಡು ಮೈಲಿ ದೂರ, ಗುಡ್ಡ ಬಯಲುಗಳ ಮೇಲೆ ಕಂಬ ನೆಟ್ಟು ಎಳೆದ ಆ ತಂತಿಯು ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಒಂದಾಗಿತ್ತು. ಮಳವಳ್ಳಿಯ ನೀರಿನ ಬಲವು ಕೋಲಾರಕ್ಕೆ ಹೋಯಿತು. ಕೋಲಾರದ ಬ್ಯಾಪ್ಟಿಸ್ಟ್ ಸಭೆಯ ಬೋಧೆಯು ಮಳವಳ್ಳಿಗೆ ಬರಲು ಭಾಷೆಯ ಗಡಿಯು ಬಿಡಲಿಲ್ಲ.

ಸ್ವಾತಂತ್ರ್ಯ ಬಂದ ಏಳನೆಯ ವಾರದಲ್ಲಿ, 1947ರ ಸೆಪ್ಟೆಂಬರ್ 27ರಂದು, ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್‌ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪಂಥಗಳವರು ಮದರಾಸಿನಲ್ಲಿ ಕೂಡಿ ದಕ್ಷಿಣ ಭಾರತ ಸಭೆಯನ್ನು ಸ್ಥಾಪಿಸಿದರು. ಮೈಸೂರು ಸೀಮೆಯ ವೆಸ್ಲಿಯನ್ನರೂ ಬೆಂಗಳೂರಿನ ಲಂಡನ್ ಮಿಷನ್ನಿನವರೂ ಅದರಲ್ಲಿ ಲೀನವಾದರು. ಬ್ಯಾಪ್ಟಿಸ್ಟರು ಹೊರಗುಳಿದರು. ಬಿಷಪ್ಪರ ಆಡಳಿತವೂ ಶಿಶುಗಳ ದೀಕ್ಷಾಸ್ನಾನವೂ ಅವರಿಗೆ ಸಮ್ಮತವಾಗತಕ್ಕವಲ್ಲ. ಉತ್ತರದಲ್ಲಿ 1970ರಲ್ಲಿ ಇಂತಹುದೇ ಐಕ್ಯವಾದಾಗ, ಎರಡು ಬಗೆಯ ದೀಕ್ಷೆಗಳಿಗೂ ಎಡೆಯಿಟ್ಟುದರಿಂದ, ಕೇರಿಯ ಸಂಘದ ಸಭೆಗಳಲ್ಲಿ ಅನೇಕವು ಸೇರಿಕೊಂಡುವು. ದಕ್ಷಿಣದಲ್ಲಿ ಮಾತ್ರ ಬಾಗಿಲು ಮುಚ್ಚಿಯೇ ಉಳಿಯಿತು. ಆದರೆ ಹಳೆಯ ಮಿಷನ್ನುಗಳೇ ಇಲ್ಲವಾದ ಮೇಲೆ ಅವುಗಳ ಸೀಮೆಯ ಹಂಚಿಕೆಗೂ ಅರ್ಥವುಳಿಯಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಅಮೆರಿಕದ ದಕ್ಷಿಣ ಸಂಸ್ಥಾನಗಳ ಬ್ಯಾಪ್ಟಿಸ್ಟರು ಕನ್ನಡನಾಡಿಗೆ ಬಂದುದು ಆಸ್ಪತ್ರೆಯ ಬಾಗಿಲಿನಿಂದ. ಹೊರದೇಶದ ಧರ್ಮಬೋಧಕರಿಗೆ ಪ್ರವೇಶವು ದುರ್ಲಭವಾಗುತ್ತಿದ್ದ ಕಾಲವದು, ವೈದ್ಯರಿಗೆ ಅವಕಾಶವಿತ್ತು. ಬೆಂಗಳೂರಿನ ಹೊರವಲಯವಾಗಿದ್ದ ಹೆಬ್ಬಾಳದಲ್ಲಿ, ಬಳ್ಳಾರಿ ರಸ್ತೆಯ ಪಕ್ಕದಲ್ಲಿ, 1973ರ ಜನವರಿಯಲ್ಲಿ ಎಂಬತ್ತು ಹಾಸಿಗೆಗಳ ಬ್ಯಾಪ್ಟಿಸ್ಟ್ ಆಸ್ಪತ್ರೆಯು ಆರಂಭವಾಯಿತು. ಡಾಕ್ಟರ್ ಜಾಸ್ಪರ್ ಮೆಕ್‌ಫೇಲ್ ಅದರ ಸ್ಥಾಪನೆಯಲ್ಲಿ ಮುಂದಾಳು. ಅನಂತರ ಬಂದ ಶಸ್ತ್ರವೈದ್ಯೆ ರೆಬೆಕಾ ನೇಯ್ಲರ್ ದಶಕಗಳ ಕಾಲ ಅದರ ಜೀವಾಳವಾಗಿದ್ದರು. 1989ರಲ್ಲಿ ಆಡಳಿತವು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹಸ್ತಾಂತರವಾಯಿತು. ರೋಗಿಯಾಗಿ ಬಂದು ಗುಣವಾಗಿ ಊರಿಗೆ ಮರಳಿದವನ ಮನೆಗೆ ಆಸ್ಪತ್ರೆಯ ಪಾಲಕನು ಕುಶಲವನ್ನು ವಿಚಾರಿಸಲು ಹೋಗುವುದು, ಆ ಮನೆಯ ಜಗಲಿಯಲ್ಲಿ ನಾಲ್ಕು ಜನ ಕುಳಿತು ಪ್ರಾರ್ಥಿಸುವುದು, ನಾಲ್ಕು ಹತ್ತಾಗುವುದು: ಕನ್ನಡದಲ್ಲಿ ಹಾಡಿ ಕನ್ನಡದಲ್ಲಿ ಬೋಧಿಸುವ ಬ್ಯಾಪ್ಟಿಸ್ಟ್ ಸಭೆಗಳು ಹಳ್ಳಿಗಾಡಿನಲ್ಲಿ ತಲೆಯೆತ್ತಿದುದು ಬಹುಮಟ್ಟಿಗೆ ಈ ಕ್ರಮದಿಂದ. ಹೆಣ್ಣು ಕೊಟ್ಟು ತಂದ ನೆಂಟಸ್ತಿಕೆಯೂ, ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಗಾರ್ಮೆಂಟ್ಸಿಗೂ ಹೋಗಿಬರುವವರ ಒಡನಾಟವೂ ಉಳಿದುದನ್ನು ಮಾಡಿದುವು. ಕೇರಿಯ ವ್ಯಾಕರಣವು ಅಚ್ಚಾಗಿ ಆಗಲೇ ನೂರೈವತ್ತು ವರ್ಷಗಳು ಮೀರಿದ್ದವು.

ಇಂತಹ ಸಭೆಯ ಚರಿತ್ರೆಯನ್ನು ಬರೆಯುವುದು ಸುಲಭವಲ್ಲ. ವೆಸ್ಲಿಯನ್ನರು ವರ್ಷ ವರ್ಷವೂ ಲಂಡನ್ನಿಗೆ ವರದಿ ಕಳುಹಿಸುತ್ತಿದ್ದರು. ಅವು ಅಚ್ಚಾಗಿ ಗ್ರಂಥಾಲಯಗಳನ್ನು ಸೇರಿದುವು. ಯಾರಿಗೂ ಲೆಕ್ಕವೊಪ್ಪಿಸಬೇಕಾಗಿಲ್ಲದ ಸ್ವತಂತ್ರ ಸಭೆಯ ದಾಖಲೆಯೆಂದರೆ ದೀಕ್ಷಾಸ್ನಾನದ ಒಂದು ರಿಜಿಸ್ಟರು, ಕಾಣಿಕೆಯ ಲೆಕ್ಕದ ಒಂದು ನೋಟ್ ಪುಸ್ತಕ, ನಿವೇಶನದ ಪತ್ರವಿದ್ದರೆ ಅದು. ಅದರ ಬೆಳವಣಿಗೆಯನ್ನು ಕಟ್ಟಡದಲ್ಲಿ ಓದಬೇಕು: ಮೊದಲು ಒಂದು ಮನೆಯ ನಡುಮನೆ, ಆಮೇಲೆ ಹಿತ್ತಲಲ್ಲಿ ತೆಂಗಿನ ಗರಿಯ ಚಪ್ಪರ, ಚಪ್ಪರಕ್ಕೆ ತಗಡು, ತಗಡಿನ ಕೆಳಗೆ ಇಟ್ಟಿಗೆಯ ಗೋಡೆ, ಗೋಡೆಗೆ ಬಣ್ಣ, ಬಣ್ಣದ ಮೇಲೆ ವಾಕ್ಯ. ಒಂದೊಂದು ಹಂತಕ್ಕೂ ಹಣ ಕೂಡುವುದು ಕಾಣಿಕೆಯಿಂದ, ದಶಮಾಂಶದಿಂದ, ಹೆಂಗಸರು ಅನ್ನಕ್ಕಿಡುವಾಗ ಪ್ರತಿಸಲವೂ ಬೇರೆ ತೆಗೆದಿರಿಸುವ ಹಿಡಿ ಅಕ್ಕಿಯಿಂದ. ಸುಗ್ಗಿಯ ಆರಾಧನೆಯ ದಿನ ಮಂಡ್ಯದ ಕಡೆಯ ನಾಲೆಬಯಲಿನವರು ತರುವುದೇನೆಂದು ಹೇಳಬೇಕಾಗಿಲ್ಲ: ಹೊಸ ಭತ್ತ, ರಾಗಿ, ಕಬ್ಬಿನ ಜಲ್ಲೆ, ಅಚ್ಚುಬೆಲ್ಲ, ತೆಂಗಿನಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಒಂದು ಹುಂಜ. ಪ್ರಾರ್ಥನೆ ಮುಗಿದೊಡನೆ ಅಂಗಳದಲ್ಲಿ ಹರಾಜು. ಕೊಟ್ಟವನೇ ತನ್ನ ಗೊನೆಯನ್ನು ಪೇಟೆಯ ಬೆಲೆಗೆ ಎರಡರಷ್ಟು ಕೂಗಿ ಮತ್ತೆ ಮನೆಗೆ ಒಯ್ಯುವುದೂ ಉಂಟು.

ದೀಕ್ಷಾಸ್ನಾನವು ಈ ಸಭೆಗಳ ದೊಡ್ಡ ದಿನ. ಅದಕ್ಕೆ ಹರಿಯುವ ನೀರಾದರೆ ಮೇಲು, ಕೆರೆಯಾದರೂ ಸರಿ, ಎರಡೂ ಇಲ್ಲದ ಪೇಟೆಯಲ್ಲಿ ಸಿಮೆಂಟಿನ ತೊಟ್ಟಿ. ಸಿದ್ಧತೆಯ ಪಾಠಗಳನ್ನು ಮುಗಿಸಿದವರು ಬಿಳಿಯ ಬಟ್ಟೆಯುಟ್ಟು ದಡದಲ್ಲಿ ಸಾಲಾಗಿ ನಿಲ್ಲುತ್ತಾರೆ, ಹಾಡು ನಡೆಯುತ್ತಿರುತ್ತದೆ, ಸಭಾಪಾಲಕರಾದ ಅಯ್ಯನವರು ಸೊಂಟದುದ್ದದ ನೀರಿನಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. “ಕರ್ತನಾದ ಯೇಸುವನ್ನು ನಿನ್ನ ರಕ್ಷಕನೆಂದು ನಂಬುತ್ತೀಯೇನಮ್ಮ?” “ನಂಬುತ್ತೇನೆ ಅಯ್ಯನವರೇ.” ಬೆನ್ನಿಗೊಂದು ಕೈ, ಜೋಡಿಸಿದ ಕೈಗಳ ಮೇಲೊಂದು ಕೈ; ತ್ರೈಯೇಕ ನಾಮವನ್ನು ಉಚ್ಚರಿಸಿ ಹಿಂದಕ್ಕೆ ಬಾಗಿಸಿ ಪೂರ್ಣವಾಗಿ ಮುಳುಗಿಸಿ ಎಬ್ಬಿಸುತ್ತಾರೆ. ಈಜು ಬಾರದ ಮುದುಕಿಯರು ಅಯ್ಯನವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಮೊಣಕೈ ಮೇಲೆ ಬಂದುಬಿಟ್ಟರೆ ಮತ್ತೊಮ್ಮೆ ಮುಳುಗಿಸಬೇಕೆಂದು ಹಟ ಹಿಡಿಯುವ ಹಿರಿಯರೂ ಇದ್ದಾರೆ. ದಡಕ್ಕೆ ಬಂದವರಿಗೆ ಹೆಂಗಸರು ಟವಲು ಹೊದಿಸಿ, ಸೀರೆಗಳನ್ನು ಮರೆಹಿಡಿದು ಬಟ್ಟೆ ಬದಲಿಸಲು ಅನುಕೂಲ ಮಾಡುತ್ತಾರೆ. ಆ ಬಳಿಕ ಕರ್ತನ ರಾತ್ರಿಭೋಜನ. ದೀಕ್ಷೆಯಾಗುವವರೆಗೆ ಅದರಲ್ಲಿ ಅವರಿಗೆ ಪಾಲಿರಲಿಲ್ಲ.

ಎಷ್ಟು ಜನ ಹೀಗೆ ನೀರಿಗೆ ಇಳಿದರೆಂಬುದು ಸರ್ಕಾರದ ಜನಗಣತಿಯಿಂದ ತಿಳಿಯುವುದಿಲ್ಲ. ಇದರ ಕಾರಣವೂ ದೇವತಾಶಾಸ್ತ್ರದ್ದಲ್ಲ. 1950ರ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯೆಂಬ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿದರು. ಕ್ರೈಸ್ತನಿಗೆ ಅದು ಇಲ್ಲ. ದಲಿತರ ಕಾಲೋನಿಯ ಬಡವನು ಕಾಗದದಲ್ಲಿ ಮತವನ್ನು ಬದಲಿಸಿದೊಡನೆ ಆ ಸ್ಥಾನದಿಂದ ಸಿಗುತ್ತಿದ್ದ ಮಗನ ಹಾಸ್ಟೆಲ್ಲು, ವಿದ್ಯಾರ್ಥಿವೇತನ, ನೌಕರಿಯ ಮೀಸಲಾತಿ ಎಲ್ಲವೂ ತಪ್ಪುತ್ತವೆ. ಊರಿನವರು ಅವನನ್ನು ಕಾಣುವ ಬಗೆಯಾದರೋ ಮೊದಲಿನಂತೆಯೇ ಉಳಿಯುತ್ತದೆ. ಆದುದರಿಂದ ಎಷ್ಟೋ ಮಂದಿ ಸಭೆಯ ರಿಜಿಸ್ಟರಿನಲ್ಲಿ ಒಂದು, ತಹಶೀಲ್ದಾರರ ಕಚೇರಿಯಲ್ಲಿ ಇನ್ನೊಂದು ಎಂದು ಬಾಳುತ್ತಾರೆ. ಇವರನ್ನು ಕಪಟಿಗಳೆನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಾಗದು. ಆತ್ಮದ ವಿಷಯದಲ್ಲಿ ಸರ್ಕಾರಕ್ಕೆ ಕೇಳುವ ಹಕ್ಕಿಲ್ಲವೆಂದು ಹೆಲ್ವಿಸನು ಬರೆದುದನ್ನು ಓದದೆಯೂ ಇವರು ಅದನ್ನು ಒಂದು ಬಗೆಯಲ್ಲಿ ಆಚರಿಸುತ್ತಿದ್ದಾರೆ.

ಈಗ ಮೊದಲ ತಲೆಮಾರು ಮುಪ್ಪಾಗಿದೆ; ಅವರ ಮಕ್ಕಳಿಗೆ ಮಕ್ಕಳಾಗಿವೆ. ಸಭೆಯಲ್ಲಿಯೇ ಹುಟ್ಟಿ, ಭಾನುವಾರದ ಶಾಲೆಯಲ್ಲಿಯೇ ಬೆಳೆದ ಹುಡುಗನನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆಯು, ಇಂಗ್ಲೆಂಡಿನಲ್ಲಿಯೂ ಓಂಗೋಲಿನಲ್ಲಿಯೂ ಹಿಂದೆ ಎದ್ದಂತೆಯೇ, ಇಲ್ಲಿಯೂ ಎದ್ದಿದೆ. ಕೂಸನ್ನು ಸಭೆಯ ಮುಂದೆ ತಂದು ಹೆಸರಿಟ್ಟು ಪ್ರಾರ್ಥಿಸುತ್ತಾರೆ, ನೀರನ್ನು ಮುಟ್ಟಿಸುವುದಿಲ್ಲ. ಹನ್ನೆರಡಕ್ಕೇ ದೀಕ್ಷೆ ಕೊಡಬಹುದೆಂದು ಕೆಲವು ಹಿರಿಯರು, ಹದಿನೆಂಟಾದರೂ ತುಂಬಲಿ ಎಂದು ಕೆಲವರು. ಮದುವೆ ಗೊತ್ತಾದ ಹುಡುಗಿಗೆ ಲಗ್ನಕ್ಕೆ ಮುಂಚೆ ಅವಸರದಿಂದ ದೀಕ್ಷೆ ಕೊಡಿಸುವ ತಂದೆತಾಯಿಗಳ ಮೇಲೆ ಅಯ್ಯನವರು ಸಿಟ್ಟಾಗುವುದುಂಟು. ಎಲ್ಲ ಸಭೆಗಳಿಗೂ ಸಲ್ಲುವ ಒಂದು ನಿಯಮವನ್ನು ಮಾಡೋಣವೆಂದರೆ ಅದನ್ನು ಮಾಡತಕ್ಕ ಮೇಲಧಿಕಾರಿಯು ಈ ಪಂಥದಲ್ಲಿಲ್ಲ. ಒಂದೊಂದು ಊರಿನ ಸಭೆಯೂ ಚಾಪೆಯ ಮೇಲೆ ಕುಳಿತು ತನಗೆ ತಾನೇ ತೀರ್ಮಾನಿಸಿಕೊಳ್ಳುತ್ತಿದೆ.